ಉದ್ದೇಶವನ್ನೇ ಬರೆಯದ ಡಿಜಿಟಲ್ ಮಾನದಂಡ

ಮಾನ್ಯ ಸಂಪಾದಕರೇ,

ಶಾಲೆಗಳ ಡಿಜಿಟಲ್ ಕಲಿಕೆಗೆ ಮಾನದಂಡ ರೂಪಿಸಲು ಬುಧವಾರ ಮಡಿಕೇರಿಯಲ್ಲಿ ನಡೆದ ಸಭೆ ಯಶಸ್ವಿಯಾಯಿತೆಂದು ನಿಮ್ಮ ಪತ್ರಿಕೆಯಲ್ಲಿ ವರದಿಯಾಗಿದೆ. ಆ ಸಭೆಯಲ್ಲಿ ಕುಳಿತಿದ್ದ ನನಗೆ ಹಾಗೆ ಅನ್ನಿಸಲಿಲ್ಲ.

ನಾಪೋಕ್ಲುವಿನಿಂದ ಬೆಳಗಿನ ಬಸ್ಸು ಹಿಡಿದು, ಮೂರ್ನಾಡು ದಾಟಿದ ಮೇಲೆ ರಸ್ತೆಗೆ ಬಿದ್ದ ಮರವನ್ನು ತೆರವು ಮಾಡುವವರೆಗೆ ಮುಕ್ಕಾಲು ಗಂಟೆ ಕಾದು, ತೊಯ್ದ ಸೀರೆಯಲ್ಲೇ ಸಭಾಂಗಣ ಸೇರುವಷ್ಟರಲ್ಲಿ ಕರಡಿನ ಪ್ರತಿಗಳು ಮುಗಿದಿದ್ದವು. ಪಕ್ಕದಲ್ಲಿದ್ದ ಶಿಕ್ಷಕರ ಪ್ರತಿಯನ್ನೇ ಓದಿದೆ. ‘ಉದ್ದೇಶ’ದ ಕೆಳಗೆ ‘ಗುಣಮಟ್ಟದ ಶಿಕ್ಷಣ’ ಎಂದಿತ್ತು, ‘ವ್ಯಾಪ್ತಿ’ಯ ಎದುರು ‘ಎಲ್ಲ ಶಾಲೆಗಳು’ ಎಂದಿತ್ತು. ಇದು ಪಾಠಗಳ ತಯಾರಿಗೋ, ಒಂದು ಆ್ಯಪ್‌ನ ಅಂಕಗಳು ಇನ್ನೊಂದಕ್ಕೆ ಹೋಗುವುದಕ್ಕೋ, ಮಕ್ಕಳ ಮಾಹಿತಿಯ ರಕ್ಷಣೆಗೋ ಎಂದು ಕೇಳಿದ್ದಕ್ಕೆ, ‘ಅದೆಲ್ಲ ಆಮೇಲೆ ನೋಡೋಣ ಮೇಡಂ’ ಎಂಬ ಉತ್ತರ ಬಂತು.

ಆಮೇಲೆ ನೋಡುವ ವಿಷಯವೇ ಇದು? ತಂತ್ರಜ್ಞಾನದ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆಯಾದ ಐಇಇಇಯಲ್ಲಿ ಹೊಸ ಮಾನದಂಡದ ಕೆಲಸಕ್ಕೆ ಅನುಮತಿ ಕೋರುವ ಅರ್ಜಿಯಲ್ಲೇ ಅದರ ವ್ಯಾಪ್ತಿ, ಉದ್ದೇಶ, ಅಗತ್ಯಗಳನ್ನು ಬರೆಯಬೇಕು. ಕಲಿಕಾ ಸಾಮಗ್ರಿಯನ್ನು ಸುಲಭವಾಗಿ ಹುಡುಕಿ ಬಳಸುವಂತಾಗಬೇಕೆಂದು 2002ರಲ್ಲಿ ಅದು ಹೊರತಂದ ಮಾನದಂಡವು ಪ್ರತಿ ಪಾಠದ ಬಗ್ಗೆ ಯಾವ ವಿವರಗಳಿರಬೇಕು ಎಂಬುದನ್ನಷ್ಟೇ ಹೇಳಿ, ಅವನ್ನು ಕಂಪ್ಯೂಟರಿನಲ್ಲಿ ಯಾವ ರೂಪದಲ್ಲಿ ಇಡಬೇಕೆಂಬುದನ್ನು ತನ್ನ ವ್ಯಾಪ್ತಿಯ ಹೊರಗೇ ಬಿಟ್ಟಿತು. ಏನು ಮಾಡುವುದಿಲ್ಲ ಎಂದು ಹೇಳುವುದೂ ವ್ಯಾಪ್ತಿಯ ಭಾಗವೇ.

ನಮ್ಮ ಜಿಲ್ಲೆಗೆ ಇದು ಬರೀ ಕಾಗದದ ಮಾತಲ್ಲ. ಡಿಜಿಟಲ್ ಪಾಠಗಳಿಗೆ ಈಗಾಗಲೇ ಇರುವ ಸ್ಕಾರ್ಮ್ ಎಂಬ ಮಾನದಂಡದ ಪಾಠವು ಬ್ರೌಸರಿನಲ್ಲಿ ನಡೆಯುತ್ತ, ಪಾಠ ಮತ್ತು ಅಂಕಗಳನ್ನು ನಿರ್ವಹಿಸುವ ಕಲಿಕಾ ತಂತ್ರಾಂಶದೊಂದಿಗೆ ಸಂಪರ್ಕದಲ್ಲಿರಬೇಕು. ಎಕ್ಸ್‌ಎಪಿಐ ಎಂಬ ಇನ್ನೊಂದು ಮಾನದಂಡದಲ್ಲಾದರೆ ಮಗು ಕಲಿತದ್ದರ ದಾಖಲೆಯನ್ನು ಮೊಬೈಲಿನಲ್ಲೇ ಇಟ್ಟುಕೊಂಡು ಸಿಗ್ನಲ್ ಬಂದಾಗ ಕಳುಹಿಸಬಹುದು. ನನ್ನ ತರಗತಿಯ ಹುಡುಗಿಯೊಬ್ಬಳು ತೋಟದ ಲೈನ್ ಮನೆಯಲ್ಲಿದ್ದಾಳೆ. ಕಾಫಿ ಕಣದ ಮೂಲೆಯಲ್ಲಿ ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದರೆ ಮಾತ್ರ ಅವಳಿಗೆ ಸಿಗ್ನಲ್ ಸಿಗುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ. ಅವಳಿಗೂ ಸೇರಿ ಈ ಮಾನದಂಡ ಎಂದು ಮೊದಲೇ ಬರೆದಿದ್ದರೆ, ಇವೆರಡರಲ್ಲಿ ಯಾವುದು ಬೇಕೆಂದು ಸಭೆಯಲ್ಲಿ ಅರ್ಧ ದಿನ ವಾದಿಸುವ ಅಗತ್ಯವೇ ಇರುತ್ತಿರಲಿಲ್ಲ.

ಹಿಂದೆಯೂ ಹೀಗೇ ಆಗಿದೆ. ಯಾವ ಪಾಠಕ್ಕೆ ಎಂದು ಹೇಳದೆ ಕೊಟ್ಟ ಟಿ.ವಿ. ನಮ್ಮ ಶಾಲೆಯಲ್ಲಿ ಯುಪಿಎಸ್ ಇಲ್ಲದೆ ರಟ್ಟಿನ ಪೆಟ್ಟಿಗೆಯಲ್ಲೇ ಬೂಷ್ಟು ಹಿಡಿಯುತ್ತಿದೆ. ಒಂದೇ ಹಾಜರಾತಿಯನ್ನು ಎರಡು ಆ್ಯಪ್‌ಗಳಲ್ಲಿ ತುಂಬಿ, ಕರೆಂಟ್ ಹೋದರೆ ರಾತ್ರಿ ಮನೆಯಲ್ಲಿ ಕುಳಿತು ಮತ್ತೆ ತುಂಬುತ್ತೇವೆ. ದೂರು ಕೊಟ್ಟರೆ ಮೇಲಿನವರನ್ನು ಕೇಳಿ ಎನ್ನುತ್ತಾರೆ. ಮೇಲಿನವರು ಫೋನ್ ಎತ್ತುವುದಿಲ್ಲ.

ಅಧಿಕಾರಿಗಳು ಈ ಕರಡನ್ನು ಹಿಂದಕ್ಕೆ ಪಡೆದು ಉದ್ದೇಶ, ವ್ಯಾಪ್ತಿಗಳನ್ನು ಸ್ಪಷ್ಟವಾಗಿ ಬರೆಯಲಿ. ಆಗದಿದ್ದರೆ ಈ ಕೆಲಸವನ್ನೇ ಕೈಬಿಡಲಿ. ಯಾವುದಕ್ಕೆಂದು ತಮಗೇ ತಿಳಿಯದ ಸಭೆಗೆ ಆಷಾಢದ ಮಳೆಯಲ್ಲಿ ಶಿಕ್ಷಕರನ್ನು ಕರೆಸಿ, ಒಂದು ದಿನದ ಪಾಠ ಹಾಳು ಮಾಡುವುದನ್ನಾದರೂ ನಿಲ್ಲಿಸಲಿ.

– ಪ್ರಾಥಮಿಕ ಶಾಲಾ ಶಿಕ್ಷಕಿ, ನಾಪೋಕ್ಲು