ಹೈಬ್ರಿಡ್ ಕಾರಿನ ಪವರ್ ಹೋದಾಗ: ಕೋಡ್ ಅಳಿಸುವ ಮುನ್ನ ಮಾಲೀಕರ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಹೈಬ್ರಿಡ್ ಕಾರುಗಳ, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ದೊಡ್ಡ ಬ್ಯಾಟರಿ, ಮೋಟರ್ ಕೂಡ ಇರುವ ಕಾರುಗಳ ಬಗ್ಗೆ ಬಂದ ಲೇಖನ ಓದಿದೆ. ಒಳ್ಳೆಯ ಮೈಲೇಜ್, ಸದ್ದಿಲ್ಲದ ಓಟ, ಕಡಿಮೆ ಹೊಗೆ ಅಂತ ಬರೆದದ್ದೆಲ್ಲ ಸರಿಯಾಗಿಯೇ ಇದೆ. ನಮ್ಮ ಮನೆಯಲ್ಲೂ ಹೈಬ್ರಿಡ್ ಕಾರೇ ಇರುವುದು. ಅದನ್ನು ಮಾರುವ ಯೋಚನೆಯೂ ನಮಗಿಲ್ಲ. ಆದರೆ ಒಂದು ವಿಷಯ ಆ ಲೇಖನದಲ್ಲಿ ಬರಲೇ ಇಲ್ಲ. ಓಡುತ್ತಿರುವಾಗಲೇ ಕಾರಿನ ಪವರ್ ಹೋಗಿಬಿಟ್ಟರೆ ಗತಿ ಏನು? ಇದು ಅಪರೂಪ, ನಿಜ. ಆದರೆ ಆಗುತ್ತದೆ. ಆದ ಮೇಲೆ ಸರ್ವೀಸ್ ಸೆಂಟರಿನಲ್ಲಿ ನಡೆಯುವುದು ನನಗೆ ಇನ್ನೂ ಜಾಸ್ತಿ ಚಿಂತೆ ಹುಟ್ಟಿಸಿದೆ. ಅದನ್ನು ಹೇಳುವುದಕ್ಕೇ ಈ ಪತ್ರ.

ನಾನು ಕಾರ್ಖಾನೆಯ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನು. ಮೋಟರ್, ಪ್ಯಾನೆಲ್, ಇನ್ವರ್ಟರ್ ಡ್ರೈವ್‌ಗಳ ನಡುವೆಯೇ ನನ್ನ ಸರ್ವೀಸ್ ಮುಗಿದದ್ದು. ಹೈಬ್ರಿಡ್ ಕಾರಿನ ಬಾನೆಟ್ ಕೆಳಗೆ ಇರುವುದೂ ಮುಕ್ಕಾಲು ಪಾಲು ಅದೇ ಸಾಮಾನು.

ಆ ದಿನ ಕಾರು ಓಡಿಸುತ್ತಿದ್ದವಳು ನನ್ನ ಮಗಳು. ನಾನು ಪಕ್ಕದಲ್ಲಿದ್ದೆ, ಹಿಂದೆ ನನ್ನ ಹೆಂಡತಿ ಮತ್ತು ಮೊಮ್ಮಗ. ಉದ್ದನೆಯ ಏರು, ಬಿಸಿಲು, ಎಸಿ ಜೋರಾಗಿ ಓಡುತ್ತಿತ್ತು. ಮುಂದಿನ ಟ್ರಕ್ ದಾಟಲು ಅವಳು ಬಲಕ್ಕೆ ಬಂದಳು. ಅಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ತ್ರಿಕೋನದ ದೀಪ ಹತ್ತಿಕೊಂಡಿತು. 'ಹೈಬ್ರಿಡ್ ಸಿಸ್ಟಮ್ ಪರೀಕ್ಷಿಸಿ' ಅನ್ನುವ ಒಂದು ಸಾಲು ಇಂಗ್ಲಿಷಿನಲ್ಲಿ ಮೂಡಿತು. "ಅಪ್ಪಾ, ಆಕ್ಸಿಲರೇಟರ್ ಒತ್ತಿದರೂ ಹೋಗ್ತಾ ಇಲ್ಲ" ಅಂದಳು. ಎಂಜಿನ್ ಸದ್ದು ಕೇಳುತ್ತಿತ್ತು, ಆದರೆ ಕಾರಿಗೆ ಎಳೆತವೇ ಇರಲಿಲ್ಲ. ಹಿಂದಿನವರು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದರು. ಅವಳು ಹಜಾರ್ಡ್ ಲೈಟ್ ಹಾಕಿ, ಉಳಿದ ವೇಗದಲ್ಲೇ ಕಾರನ್ನು ಎಡಕ್ಕೆ ತಂದು ನಿಲ್ಲಿಸಿದಳು. ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು.

ಇಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದಿದೆ. ಬ್ಯಾಟರಿ ಕಡೆ ಏನೋ ಕೆಟ್ಟರೆ ಪೆಟ್ರೋಲ್ ಎಂಜಿನ್ ಇದೆಯಲ್ಲ, ಅದರಲ್ಲಿ ಮನೆ ಸೇರಬಹುದು ಅಲ್ವಾ? ಕಾರು ಮಾರುವವರೂ ಇದನ್ನೇ ಹೇಳುತ್ತಾರೆ. ಎಲ್ಲ ಹೈಬ್ರಿಡ್‌ಗಳಿಗೂ ಈ ಮಾತು ಹೊಂದುವುದಿಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಚಕ್ರ ತಿರುಗಿಸುವುದು ಎಂಜಿನ್ನೇ, ಮೋಟರ್ ಸ್ವಲ್ಪ ಕೈ ಜೋಡಿಸುತ್ತದೆ ಅಷ್ಟೆ. ಅಲ್ಲಿ ಅದು ಸರಿ. ಆದರೆ ಮೋಟರ್ ಒಂದೇ ಕಾರನ್ನು ಓಡಿಸಬಲ್ಲ ಫುಲ್ ಹೈಬ್ರಿಡ್ ಕಥೆ ಬೇರೆ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್‌ನ ವ್ಯವಸ್ಥೆಯನ್ನೇ ನೋಡಿ. ಅದರಲ್ಲಿ ಮಾಮೂಲಿ ಗೇರ್‌ಬಾಕ್ಸ್ ಇಲ್ಲ, ಒಂದು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಗೇರ್ ಸುತ್ತ ಚಿಕ್ಕ ಗೇರ್‌ಗಳು ತಿರುಗುವ ಜೋಡಣೆ) ಇದೆ. ಎಂಜಿನ್ನಿನ ಟಾರ್ಕ್‌ನಲ್ಲಿ, ಅಂದರೆ ತಿರುಗಿಸುವ ಬಲದಲ್ಲಿ, ಶೇ 72ರಷ್ಟು ಚಕ್ರದ ಕಡೆಗೂ ಶೇ 28ರಷ್ಟು ಜನರೇಟರ್ ಕಡೆಗೂ ಹೋಗುತ್ತದೆ. ಜನರೇಟರ್ ಆ ಕಡೆಯಿಂದ ಒತ್ತು ಹಿಡಿದು ನಿಂತರೆ ಮಾತ್ರ ಈ ಕಡೆ ಚಕ್ರಕ್ಕೆ ಬಲ ಸಿಗುತ್ತದೆ. ಬ್ಯಾಟರಿಯ ಕರೆಂಟನ್ನು ಮೋಟರ್, ಜನರೇಟರಿಗೆ ಬೇಕಾದಂತೆ ಬದಲಿಸಿಕೊಡುವ ಇನ್ವರ್ಟರ್ ನಿಂತರೆ ಜನರೇಟರಿಗೆ ಹಿಡಿತ ಇರುವುದಿಲ್ಲ. ಆಗ ಎಂಜಿನ್ ಸುಮ್ನೆ ತಿರುಗುತ್ತದೆ, ಚಕ್ರಕ್ಕೆ ಏನೂ ಬರುವುದಿಲ್ಲ. ಇನ್ನು ಕೆಲವು ಕಾರುಗಳಲ್ಲಿ ಎಂಜಿನ್ ಬರೀ ಕರೆಂಟ್ ತಯಾರಿಸುತ್ತದೆ, ಚಕ್ರದ ಕೆಲಸ ಪೂರ್ತಿ ಮೋಟರಿನದೇ.

ಅಷ್ಟೇ ಅಲ್ಲ. ಪ್ರಿಯಸ್‌ನಂಥ ಕಾರಿನಲ್ಲಿ ಬೇರೆ ಸ್ಟಾರ್ಟರ್ ಮೋಟರ್ ಇಲ್ಲ. ಆಲ್ಟರ್ನೇಟರ್ ಕೂಡ ಇಲ್ಲ. ಎಂಜಿನ್ ಶುರು ಮಾಡುವುದು ಅದೇ ಜನರೇಟರ್. ಚಿಕ್ಕ 12 ವೋಲ್ಟ್ ಬ್ಯಾಟರಿಗೆ ಚಾರ್ಜ್ ಬರುವುದು ದೊಡ್ಡ ಬ್ಯಾಟರಿಯಿಂದ, ಒಂದು ಕನ್ವರ್ಟರ್ ಮೂಲಕ. ಹೀಗಾಗಿ ಹೈ ವೋಲ್ಟೇಜ್ ಭಾಗ ಕೈಕೊಟ್ಟರೆ ನಿಂತ ಎಂಜಿನ್ ಮತ್ತೆ ಏಳುವುದಿಲ್ಲ. ಟ್ಯಾಂಕಿನ ತುಂಬ ಪೆಟ್ರೋಲ್ ಇದ್ದರೂ ಅಷ್ಟೇ. ಕಾರು ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಬೇಕು. ನಮಗೆ ಯಾರೂ ಹೇಳಿರಲಿಲ್ಲ.

ಈಗ ಸರ್ವೀಸ್ ಸೆಂಟರಿನ ವಿಷಯಕ್ಕೆ ಬರುತ್ತೇನೆ. ಕಂಪನಿಯ ಹೆಸರು ಬರೆಯುವುದಿಲ್ಲ, ಏಕೆಂದರೆ ಇದು ಒಂದು ಕಂಪನಿಯ ಚಾಳಿ ಅಲ್ಲ. ಕಾರನ್ನು ಟೋ ಮಾಡಿಸಿ ಕಳಿಸಿದೆವು. ಮರುದಿನ ಫೋನ್ ಬಂತು. "ಸರ್, ಸ್ಕ್ಯಾನ್ ಕ್ಲೀನ್ ಇದೆ. ಒಂದು ಕೋಡ್ ಇತ್ತು, ಕ್ಲಿಯರ್ ಮಾಡಿದ್ದೀವಿ. ಟ್ರಯಲ್ ಓಡಿಸಿದ್ವಿ, ಏನೂ ಪ್ರಾಬ್ಲಂ ಇಲ್ಲ. ಗಾಡಿ ತಗೊಂಡು ಹೋಗಬಹುದು." ಕೋಡ್ ಅಂದರೆ ದೋಷ ಕಂಡಾಗ ಕಾರಿನ ಕಂಪ್ಯೂಟರ್ ಬರೆದಿಡುವ ಗುರುತಿನ ಸಂಖ್ಯೆ. ಯಾವ ಕೋಡ್ ಅಂತ ಕೇಳಿದೆ. ನೋಡಿ ಹೇಳ್ತೀನಿ ಅಂದರು. ಹೇಳಲಿಲ್ಲ. ಜಾಬ್ ಕಾರ್ಡಿನಲ್ಲಿ 'ಚೆಕ್ ಮಾಡಿದೆ, ಸರಿ ಇದೆ' ಅಂತ ಬರೆದಿತ್ತು, ಅಷ್ಟೆ.

ನಮ್ಮ ಕಾರ್ಖಾನೆಯಲ್ಲಿ ಒಂದು ನಿಯಮ ಇತ್ತು. ಮೋಟರ್ ಟ್ರಿಪ್ ಆದರೆ ನೇರವಾಗಿ ರೀಸೆಟ್ ಬಟನ್‌ಗೆ ಕೈ ಹಾಕುವಂತಿಲ್ಲ. ಮೊದಲು ಯಾವ ರಿಲೇಯ ಫ್ಲಾಗ್, ಅಂದರೆ ದೋಷ ತೋರಿಸುವ ಗುರುತು, ಬಿದ್ದಿದೆ ನೋಡಬೇಕು. ಓವರ್‌ಲೋಡೋ, ಅರ್ತ್ ಫಾಲ್ಟೋ? ಆಗ ಕರೆಂಟ್ ಎಷ್ಟಿತ್ತು, ಯಾವ ಮಷಿನ್ ಲೋಡಿನಲ್ಲಿತ್ತು? ಇಷ್ಟನ್ನೂ ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿದ ಮೇಲೇ ರೀಸೆಟ್. ಹೊಸ ಹುಡುಗರಿಗೆ ನಾನು ಮೊದಲ ದಿನ ಕಲಿಸುತ್ತಿದ್ದದ್ದೇ ಇದು. ಫ್ಲಾಗ್ ಎತ್ತಿಬಿಟ್ಟರೆ ಕಾರಣವೂ ಅದರ ಜೊತೆಗೇ ಹೋಯಿತು. ಮುಂದಿನ ಸಲ ಮೋಟರೇ ಸುಟ್ಟು ಹೋಗಬಹುದು.

ಕಾರಿನಲ್ಲೂ ಇದೇ ಏರ್ಪಾಡು ಇದೆ. ಫಾಲ್ಟ್ ಬಂದ ಕ್ಷಣದಲ್ಲಿ ಕಂಪ್ಯೂಟರ್ ಕೋಡ್ ಜೊತೆಗೆ ಆ ಹೊತ್ತಿನ ವೇಗ, ಎಂಜಿನ್ ಆರ್‌ಪಿಎಂ, ಲೋಡ್, ಕೂಲೆಂಟ್ ಬಿಸಿ ಇವನ್ನೆಲ್ಲ ಉಳಿಸಿಡುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಹೈಬ್ರಿಡ್ ಕಾರಿನಲ್ಲಿ ಇನ್ವರ್ಟರ್ ಮತ್ತು ಬ್ಯಾಟರಿಯ ವಿವರಗಳೂ ಸಿಗುತ್ತವೆ. ಪಿ0ಎ80 ಅಂದರೆ ಹೈಬ್ರಿಡ್ ಬ್ಯಾಟರಿ ಹೋಗಿದೆ ಅಂತ, ಪಿ0ಎ93 ಅಂದರೆ ಇನ್ವರ್ಟರ್ ಕೂಲಿಂಗ್ ಸರಿಯಿಲ್ಲ ಅಂತ. ಒಂದಕ್ಕೆ ಬ್ಯಾಟರಿಯನ್ನೇ ಬದಲಿಸಬೇಕಾಗಬಹುದು, ಇನ್ನೊಂದಕ್ಕೆ ಒಂದು ಚಿಕ್ಕ ಪಂಪ್ ಸಾಕಾಗಬಹುದು. ಕೋಡ್ ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. 'ಸ್ಕ್ಯಾನ್ ಕ್ಲೀನ್' ಅನ್ನುವ ಮಾತಿಗೆ ಆಮೇಲೆ ಯಾವ ಬೆಲೆಯೂ ಇಲ್ಲ.

ಸ್ವಲ್ಪ ಕಾಲದ ಮೇಲೆ ಮತ್ತೆ ಅದೇ ಆಯಿತು. ಮತ್ತೆ ಏರು, ಮತ್ತೆ ಬಿಸಿಲು. ಈ ಸಲ ನಾನು ಕಾರಿನ ಜೊತೆಗೇ ಹೋದೆ. ಕೋಡ್ ಅಳಿಸಬೇಡಿ, ಮೊದಲು ನನಗೆ ತೋರಿಸಿ ಅಂತ ಪಟ್ಟು ಹಿಡಿದು ಕೂತೆ. ಪುಣ್ಯಕ್ಕೆ ಒಬ್ಬ ಚಿಕ್ಕ ವಯಸ್ಸಿನ ಟೆಕ್ನಿಷಿಯನ್ ಸಿಕ್ಕಿದ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಒಂದೊಂದೇ ಸಾಲು ಓದಿದ. ಇನ್ವರ್ಟರ್ ಬಿಸಿ ಏರುತ್ತಾ ಹೋಗಿತ್ತು, ಆದರೆ ಎಂಜಿನ್ ಕೂಲೆಂಟ್ ಬಿಸಿ ಮಾಮೂಲಾಗಿತ್ತು. "ಇನ್ವರ್ಟರಿಗೆ ಬೇರೆ ಟ್ಯಾಂಕ್ ಇದೆ ಸರ್, ಬನ್ನಿ ತೋರಿಸ್ತೀನಿ" ಅಂತ ಕರೆದುಕೊಂಡು ಹೋದ. ನಮ್ಮ ಕಾರಿನಲ್ಲಿ ಕೂಲೆಂಟ್ ಟ್ಯಾಂಕ್ ಎರಡು. ಎಂಜಿನ್ನಿಗೊಂದು, ಇನ್ವರ್ಟರಿಗೊಂದು. ಅವನು ಕಾರನ್ನು ಓಡಲು ಸಿದ್ಧವಾದ ರೆಡಿ ಸ್ಥಿತಿಗೆ ತಂದು ಚಿಕ್ಕ ಟ್ಯಾಂಕಿನ ಮುಚ್ಚಳ ತೆಗೆದ. ಟಾರ್ಚ್ ಬಿಟ್ಟು ಒಳಗೆ ನೋಡಿದೆವು. ಪಂಪ್ ಓಡುತ್ತಿದ್ದರೆ ಕೂಲೆಂಟ್ ಸುಳಿದಾಡಬೇಕು, ಮೇಲ್ಮೈ ಅಲುಗಾಡಬೇಕು. ಅದು ಕದಲದೆ ನಿಂತಿತ್ತು. ಅವನು ಪಂಪಿನ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದ. ಒಮ್ಮೆ ತಿರುಗಿತು, ನೀರು ಕುಲುಕಿತು, ಮತ್ತೆ ನಿಂತಿತು.

ಕಾರಣ ಸಿಕ್ಕಿತು. ಎಲೆಕ್ಟ್ರಿಕ್ ಪಂಪ್ ಆಗಾಗ ಕಚ್ಚಿಕೊಳ್ಳುತ್ತಿತ್ತು. ಸಮತಟ್ಟು ರಸ್ತೆಯಲ್ಲಿ ಇನ್ವರ್ಟರ್ ಹೇಗೋ ತಡೆದುಕೊಳ್ಳುತ್ತಿತ್ತು. ಏರಿನಲ್ಲಿ ಕರೆಂಟ್ ಜಾಸ್ತಿ ಎಳೆದಾಗ ಬಿಸಿಯಾಗಿ, ತನ್ನನ್ನು ಉಳಿಸಿಕೊಳ್ಳಲು ಪವರ್ ಕಟ್ ಮಾಡುತ್ತಿತ್ತು. ತಣ್ಣಗಾದ ಮೇಲೆ ಎಲ್ಲ ಸರಿ. ಸರ್ವೀಸ್ ಸೆಂಟರ್ ಸುತ್ತಲಿನ ಸಮತಟ್ಟು ರಸ್ತೆಯಲ್ಲಿ ಟ್ರಯಲ್ ಓಡಿಸಿದರೆ ಇದು ಯಾವತ್ತೂ ಸಿಗುತ್ತಿರಲಿಲ್ಲ. ಮೊದಲ ಸಲದ ಕೋಡನ್ನು ಅಳಿಸದೆ ಓದಿದ್ದರೆ ಅವತ್ತೇ ಪಂಪ್ ಬದಲಾಗುತ್ತಿತ್ತು. ಮೊಮ್ಮಗನನ್ನು ಕೂರಿಸಿಕೊಂಡು ಎರಡನೇ ಸಲ ಆ ಅಪಾಯಕ್ಕೆ ಹೋಗುವ ಅಗತ್ಯವೇ ಇರಲಿಲ್ಲ. ನನ್ನ ಸಿಟ್ಟು ಇರುವುದು ಇಲ್ಲೇ.

ಎಲ್ಲೋ ಒಂದು ಕಾರಿನ ಕಥೆ ಅಂತ ಓದುಗರು ಇದನ್ನು ಬದಿಗಿಡಬಾರದು. 2012ರ ನವೆಂಬರಿನಲ್ಲಿ ಟೊಯೋಟಾ ದೊಡ್ಡ ರೀಕಾಲ್ (ಮಾರಿದ ಕಾರುಗಳನ್ನು ದೋಷ ಸರಿಪಡಿಸಲು ಕರೆಸುವುದು) ಮಾಡಿದಾಗ ಅದರ ಒಂದು ಕಾರಣ ಹೈಬ್ರಿಡ್ ಕಾರುಗಳ ಇದೇ ಬಗೆಯ ವಾಟರ್ ಪಂಪ್ ಆಗಿತ್ತು. ಅದಕ್ಕೂ ಮುಂಚೆ 2005ರಲ್ಲಿ, ಸಾಫ್ಟ್‌ವೇರ್ ದೋಷದಿಂದ ಪ್ರಿಯಸ್‌ನ ಎಂಜಿನ್ ಓಡುವಾಗ ನಿಂತುಹೋಗಬಹುದು ಅಂತ ಅಮೆರಿಕದಲ್ಲೇ ಸುಮಾರು 75 ಸಾವಿರ ಕಾರುಗಳನ್ನು ಸರಿಪಡಿಸಲು ಕರೆಸಿಕೊಂಡರು. 2014ರ ಫೆಬ್ರುವರಿಯಲ್ಲಿ ಸುಮಾರು 19 ಲಕ್ಷ ಪ್ರಿಯಸ್‌ಗಳು. ವೋಲ್ಟೇಜ್ ಏರಿಸುವ ಕನ್ವರ್ಟರಿನ ಟ್ರಾನ್ಸಿಸ್ಟರ್‌ಗಳು ಸಾಫ್ಟ್‌ವೇರ್ ಸೆಟ್ಟಿಂಗಿನಿಂದಾಗಿ ಅತಿಯಾಗಿ ಬಿಸಿಯಾಗಿ ಹಾಳಾಗಬಹುದಿತ್ತು. ಹೆಚ್ಚಿನ ಸಲ ಕಾರು ಫೇಲ್‌ಸೇಫ್ ಸ್ಥಿತಿಗೆ ಹೋಗಿ ನಿಧಾನವಾಗಿ ಓಡುತ್ತದೆ, ಅಪರೂಪಕ್ಕೆ ಪೂರ್ತಿ ನಿಲ್ಲಬಹುದು ಅಂತ ಹೇಳಿದರು. ಸಾಫ್ಟ್‌ವೇರ್ ಬದಲಿಸಿದರು.

ಅಲ್ಲಿಗೆ ಮುಗಿಯಲಿಲ್ಲ. 2018ರ ಅಕ್ಟೋಬರಿನಲ್ಲಿ ಸುಮಾರು 24 ಲಕ್ಷ ಪ್ರಿಯಸ್ ಮತ್ತು ಆರಿಸ್ ಕಾರುಗಳನ್ನು ಮತ್ತೆ ಕರೆದರು. ಮೊದಲು ರಿಪೇರಿ ಆಗಿದ್ದ ಕಾರುಗಳೇ ಅವು. ಅಪರೂಪದ ಸಂದರ್ಭದಲ್ಲಿ ಕಾರು ಫೇಲ್‌ಸೇಫ್ ಸ್ಥಿತಿಗೂ ಹೋಗದೆ ನಿಂತುಬಿಡಬಹುದು ಎಂಬುದು ಹೊಸದಾಗಿ ಗೊತ್ತಾಗಿತ್ತು. ಸ್ಟಿಯರಿಂಗ್, ಬ್ರೇಕ್ ಕೆಲಸ ಮಾಡುತ್ತವೆ, ಆದರೆ ವೇಗದಲ್ಲಿ ಹೀಗಾದರೆ ಅಪಘಾತದ ಅಪಾಯ ಹೆಚ್ಚು ಅಂತ ಕಂಪನಿಯೇ ಒಪ್ಪಿಕೊಂಡಿತು. 2020ರ ಜೂನಿನಲ್ಲಿ ಇದೇ ಬಗೆಯ ತೊಂದರೆಗೆ ಇನ್ನೂ ಸುಮಾರು ಏಳೂವರೆ ಲಕ್ಷ ಕಾರುಗಳು. ಆ ಕಂಪನಿಯನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ನಮ್ಮ ಕಾರು ಅವರದೂ ಅಲ್ಲ. ತಪ್ಪು ಕಂಡಾಗ ಬಹಿರಂಗವಾಗಿ ಹೇಳಿದ್ದು ಒಳ್ಳೆಯದೇ. ಆದರೆ ಹೈಬ್ರಿಡ್ ತಯಾರಿಕೆಯಲ್ಲಿ ಎಲ್ಲರಿಗಿಂತ ಜಾಸ್ತಿ ಅನುಭವ ಇರುವವರಿಗೂ ಈ ದೋಷ ಪೂರ್ತಿ ಅರ್ಥವಾಗಲು ವರ್ಷಗಳೇ ಬೇಕಾದವು. ಇಂಥ ದೋಷ ಅರ್ಥವಾಗುವುದು ರಸ್ತೆಯಲ್ಲಿ ನಿಂತ ಒಂದೊಂದು ಕಾರಿನ ಮಾಹಿತಿಯಿಂದ. ಅದನ್ನೇ ಸರ್ವೀಸ್ ಸೆಂಟರಿನಲ್ಲಿ ಒಂದು ಕ್ಲಿಕ್ಕಿನಲ್ಲಿ ಅಳಿಸಿದರೆ ಹೇಗೆ?

ಹಾಗಾಗಿ ನನ್ನ ಬೇಡಿಕೆ ಒಂದೇ. ಓಡುವಾಗ ಪವರ್ ಹೋಯಿತು ಅಂತ ಯಾವುದೇ ಹೈಬ್ರಿಡ್ ಕಾರು ಬಂದರೆ, ಕೋಡ್ ಮತ್ತು ಫ್ರೀಜ್ ಫ್ರೇಮ್ ಪ್ರಿಂಟ್ ತೆಗೆದು ಮಾಲೀಕರಿಗೆ ಕೊಡಬೇಕು, ಒಂದು ಪ್ರತಿ ಕಂಪನಿಗೆ ಹೋಗಬೇಕು. ಅದಕ್ಕೆ ಮುಂಚೆ ಅಳಿಸುವಂತಿಲ್ಲ. ಕಂಪನಿಗಳು ತಾವಾಗಿಯೇ ಇದನ್ನು ಮಾಡಬಹುದು. ಮಾಡದಿದ್ದರೆ ವಾಹನ ಸುರಕ್ಷತೆ ನೋಡಿಕೊಳ್ಳುವ ಇಲಾಖೆಗಳು ನಿಯಮ ಮಾಡಬೇಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಅದೇ ಸ್ಕ್ಯಾನರ್, ಒಂದು ಹಾಳೆ ಕಾಗದ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಮಾತನ್ನೂ ಇಲ್ಲಿ ಸೇರಿಸುತ್ತೇನೆ. ರೀಕಾಲ್ ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿ ಅಲ್ಲೇ ಉಳಿದುಬಿಡುತ್ತದೆ. ಕಾರಿನ 17 ಅಕ್ಷರಗಳ ಚಾಸಿಸ್ ನಂಬರ್ ಕೊಟ್ಟು ಬಾಕಿ ರೀಕಾಲ್ ಇದೆಯೇ ಅಂತ ಕಂಪನಿಯನ್ನು ನೇರವಾಗಿ ಕೇಳಿ. ಹಿಂದಿನ ಸೀಟಿನ ಪಕ್ಕ ಅಥವಾ ಕೆಳಗೆ ಜಾಲರಿ ಇದ್ದರೆ ಅದು ಬ್ಯಾಟರಿಗೆ ಗಾಳಿ ಎಳೆಯುವ ದಾರಿ ಇರಬಹುದು. ಬ್ಯಾಗು, ಹೊದಿಕೆ ಇಟ್ಟು ಮುಚ್ಚಬೇಡಿ. ಧೂಳು ಕಟ್ಟಿದರೆ ಕ್ಲೀನ್ ಮಾಡಿಸಿ. ಬ್ಯಾಟರಿ ಬಿಸಿಯಾದರೂ ಪವರ್ ಕಡಿಮೆಯಾಗುತ್ತದೆ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ಯಾರೂ ಮುಟ್ಟಬೇಡಿ, ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ.

ರಸ್ತೆಯಲ್ಲಿ ಹೀಗಾದರೆ ಮೊದಲು ಹಜಾರ್ಡ್ ಲೈಟ್. ಉಳಿದ ವೇಗವನ್ನು ಬದಿಗೆ ಸರಿಯಲು ಬಳಸಿ. ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಬರಿಯಲ್ಲಿ ಪವರ್ ಬಟನ್ ಒತ್ತಬೇಡಿ, ಸ್ಟಿಯರಿಂಗ್ ಭಾರವಾಗಿಬಿಡುತ್ತದೆ. ನಿಂತ ಮೇಲೆ ಡ್ಯಾಶ್‌ಬೋರ್ಡಿನ ಫೋಟೊ ತೆಗೆಯಿರಿ, ಸಮಯ, ಏರೋ ಇಳಿಜಾರೋ, ಎಸಿ ಹಾಕಿತ್ತೋ ಇಲ್ಲವೋ, ಎಲ್ಲ ಬರೆದಿಟ್ಟುಕೊಳ್ಳಿ. ಚಿಕ್ಕ ಬ್ಯಾಟರಿಯ ವೈರ್ ಬಿಚ್ಚಿ ಮತ್ತೆ ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಹಾಗೆ ಮಾಡಿದರೂ ಕೋಡ್ ಅಳಿಸಿಹೋಗಬಹುದು. ಸರ್ವೀಸ್ ಸೆಂಟರಿನಲ್ಲಿ ಜಾಬ್ ಕಾರ್ಡಿನ ಮೇಲೆ 'ಮಾಲೀಕರಿಗೆ ತೋರಿಸದೆ ಕೋಡ್ ಅಳಿಸಬಾರದು' ಅಂತ ನಿಮ್ಮ ಕೈಯಾರೆ ಬರೆದು, ಅವರ ಸಹಿ ಹಾಕಿಸಿಕೊಂಡ ಮೇಲೇ ಕೀ ಕೊಡಿ.

ಇಂತಿ,
ನಿಮ್ಮ ಓದುಗ,
ನಿವೃತ್ತ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಸೂಪರ್‌ವೈಸರ್