ಕೋಲ್ಟ್ರೇನ್ ಕೇಳಿ ಕಣ್ಣು ತುಂಬಿದರೆ

ಮಾನ್ಯ ಸಂಪಾದಕರೇ,

ಜಾಝ್ ಎಂದರೆ ತಿಳಿದವರ ಸಂಗೀತ, ಅದನ್ನು ಕೇಳಿ ಅಳುವುದೆಲ್ಲ ಸುಮ್ನೆ ತೋರಿಕೆ ಎನ್ನುವವರಿದ್ದಾರೆ. ಅವರು ಒಮ್ಮೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ಆಲ್ಬಂ ಕೇಳಬೇಕು. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ಸ್ಟುಡಿಯೊದಲ್ಲಿ ನಾಲ್ವರು ಸೇರಿ ನುಡಿಸಿದ್ದು, ಸುಮಾರು 33 ನಿಮಿಷ. 1957ರಲ್ಲಿ ಹೆರಾಯಿನ್ ಚಟದಿಂದ ಹೊರಬಂದ ಕೋಲ್ಟ್ರೇನ್ ಇದನ್ನು ದೇವರಿಗೆ ಅರ್ಪಿಸಿದರು.

ಮೊದಲ ಭಾಗದ ಕೊನೆಗೆ ನಾಲ್ಕೇ ಸ್ವರಗಳ ತುಣುಕನ್ನು ಅವರು ಶ್ರುತಿಯಿಂದ ಶ್ರುತಿಗೆ ಒಯ್ಯುತ್ತಾರೆ. 12 ಶ್ರುತಿಗಳನ್ನೂ ಮುಟ್ಟುತ್ತಾರೆ. ಆಮೇಲೆ ಸ್ಯಾಕ್ಸೊಫೋನ್ ನಿಂತು, ಮನುಷ್ಯರ ದನಿ ಅದೇ ಸ್ವರಗಳಲ್ಲಿ ಆಲ್ಬಂ ಹೆಸರನ್ನು ಜಪಿಸುತ್ತದೆ. ನನಗಂತೂ ಅಲ್ಲಿ ಮೈ ಜುಮ್ಮೆನ್ನುತ್ತದೆ. ಕೊನೆಯ ಭಾಗದಲ್ಲಿ ತಾವೇ ಬರೆದ ಪ್ರಾರ್ಥನೆಯನ್ನು ಬಾಯಲ್ಲಿ ಹೇಳದೆ, ಪದ ಪದವಾಗಿ ಸ್ಯಾಕ್ಸೊಫೋನಿನಲ್ಲೇ ನುಡಿಸುತ್ತಾರೆ. ಆಲ್ಬಂ ಜೊತೆ ಅಚ್ಚಾದ ಆ ಪದ್ಯವನ್ನು ಕೈಯಲ್ಲಿ ಹಿಡಿದೇ ಕೇಳಬೇಕು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರ ಹೆಸರಿನ ಚರ್ಚೇ ಹುಟ್ಟಿತು, ಪ್ರಾರ್ಥನೆಗೆ ಇದೇ ಸಂಗೀತ! ಎಲ್ಲರಿಗೂ ಅಳು ಬರಲೇಬೇಕೆಂದಿಲ್ಲ. ಕೆಲವರಿಗೆ ಮನಸ್ಸು ಹಗುರಾಗುತ್ತದೆ, ಕೆಲವರಿಗೆ ತಳಮಳವೇ ಜಾಸ್ತಿ. ಇದಕ್ಕೆಲ್ಲ ಶಾಸ್ತ್ರ ಗೊತ್ತಿರಬೇಕಿಲ್ಲ, ಅಲ್ವಾ? ನಿಮ್ಮ ಸಂಗೀತ ಪುಟದಲ್ಲಿ ಇಂಥ ಧ್ವನಿಮುದ್ರಣಗಳ ಬಗ್ಗೆಯೂ ದಯವಿಟ್ಟು ಬರೆಸಿ.

– ಓದುಗ, ಮೈಸೂರು