'ಥ್ಯಾಲಿಯಂ ಪಾಸಿಟಿವ್': ಎಷ್ಟು ಪಾಸಿಟಿವ್?

ಮಾನ್ಯ ಸಂಪಾದಕರೆ,

ಹೃದಯದ ಸ್ನಾಯುವಿಗೆ ರಕ್ತ ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಪರ್ಫ್ಯೂಷನ್ ಸ್ಕ್ಯಾನ್ ಮಾಡಿಸಿಕೊಂಡವರ ಕೈಗೆ ಎಷ್ಟೋ ಸಲ ಸಿಗುವುದು 'ಪಾಸಿಟಿವ್' ಎಂಬ ಒಂದೇ ಮಾತು. ಮನೆಯವರು ಅಂದೇ ಸ್ಟೆಂಟಿಗೆ ಹಣ ಹೊಂದಿಸಲು ಓಡುತ್ತಾರೆ. ಆದರೆ ಈ ಪರೀಕ್ಷೆಯ ಮಹತ್ವ ಇರುವುದು ಅಂಕಿಯಲ್ಲಿ. (ಹೆಸರು ಇನ್ನೂ ಥ್ಯಾಲಿಯಂ ಟೆಸ್ಟ್, ಈಗ ಚುಚ್ಚುವುದು ಹೆಚ್ಚಾಗಿ 6 ಗಂಟೆಗೊಮ್ಮೆ ವಿಕಿರಣ ಅರ್ಧಕ್ಕಿಳಿಯುವ ಟೆಕ್ನೀಶಿಯಂ.)

ಹೃದಯದ ಎಡ ಕೆಳಕೋಣೆಯನ್ನು 17 ಭಾಗ ಮಾಡಿ, ಒಂದೊಂದಕ್ಕೂ 0ದಿಂದ 4ರವರೆಗೆ ಅಂಕ ಕೊಡುತ್ತಾರೆ. ರಕ್ತ ಸರಿಯಾಗಿ ಹರಿದರೆ 0, ಏನೂ ಕಾಣದಿದ್ದರೆ 4. ಒಟ್ಟು ಗರಿಷ್ಠ 68. ಚಿತ್ರ ತೆಗೆಯುವುದು ಎರಡು ಸಲ, ಶ್ರಮ ಕೊಟ್ಟು ಒಮ್ಮೆ, ವಿಶ್ರಾಂತಿಯಲ್ಲಿ ಒಮ್ಮೆ. ಶ್ರಮದ ಚಿತ್ರದಲ್ಲಿ 11, ವಿಶ್ರಾಂತಿಯಲ್ಲಿ 3 ಬಂತೆನ್ನಿ. ಆ 3 ಬಹುಮಟ್ಟಿಗೆ ಹಳೆಯ ಗಾಯ. ಉಳಿದ 8, ಅಂದರೆ ಸುಮಾರು ಶೇ 12ರಷ್ಟು ಸ್ನಾಯು, ಶ್ರಮವಾದಾಗ ರಕ್ತ ಸಾಲದೆ ಒದ್ದಾಡುತ್ತದೆ. ಶೇ 10 ದಾಟಿದರೆ ಅಪಾಯ ಹೆಚ್ಚು. ಸ್ಕ್ಯಾನ್ ಪೂರ್ತಿ ಸರಿ ಇದ್ದವರಲ್ಲಿ ಹೃದಯಾಘಾತ ಅಥವಾ ಹೃದಯದ ಸಾವಿನ ಸಂಭವ ಸಾಮಾನ್ಯವಾಗಿ ವರ್ಷಕ್ಕೆ ಶೇ 1ಕ್ಕಿಂತ ಕಡಿಮೆ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಭರವಸೆ ಅಷ್ಟು ದಿನ ಬಾಳುವುದಿಲ್ಲ.

ಅಪಾಯ ಹೆಚ್ಚು ಎಂದ ಮಾತ್ರಕ್ಕೆ ಸ್ಟೆಂಟ್ ಹಾಕಲೇಬೇಕೆಂದಲ್ಲ. ಭಾರತದ ರೋಗಿಗಳೂ ಇದ್ದ, 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಅಧ್ಯಯನದ 5,179 ಜನರಲ್ಲಿ, ಔಷಧಿಯ ಜೊತೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ದಾರಿ ಹಿಡಿದದ್ದರಿಂದ ಸಾವು ಕಡಿಮೆಯಾಗಲಿಲ್ಲ. ಎದೆನೋವು ಮಾತ್ರ ತಗ್ಗಿತು. ಎಡ ಮುಖ್ಯ ಧಮನಿಯಲ್ಲೇ ಅಡಚಣೆ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅವರ ಲೆಕ್ಕ ಬೇರೆ.

ಇನ್ನು ಸ್ಕ್ಯಾನೇ ದಾರಿ ತಪ್ಪಿಸುವುದುಂಟು. ಚಿತ್ರ ಹೋಲಿಸುವುದು ಸ್ನಾಯುವಿನ ಒಂದು ಭಾಗವನ್ನು ಇನ್ನೊಂದರ ಜೊತೆ. ಮೂರೂ ಧಮನಿಗಳಲ್ಲಿ ರಕ್ತ ಒಂದೇ ಸಮ ಕಡಿಮೆಯಾದರೆ ಎಲ್ಲವೂ ಸರಿ ಇದ್ದಂತೆಯೇ ಕಾಣುತ್ತದೆ. ಶ್ರಮದ ನಂತರ ಕೋಣೆ ಹಿಗ್ಗಿದೆಯೇ, ಪಂಪಿಂಗ್ ಇಳಿದಿದೆಯೇ ಎಂದು ನೋಡದಿದ್ದರೆ ಇದು ಕಣ್ತಪ್ಪುತ್ತದೆ. ಸ್ತನದ ಅಥವಾ ವಪೆಯ ನೆರಳು ರಕ್ತದ ಕೊರತೆಯಂತೆ ತೋರುತ್ತದೆ; ಬೋರಲು ಮಲಗಿಸಿ ಮತ್ತೊಮ್ಮೆ ಚಿತ್ರ ತೆಗೆದರೆ ಬಹಳಷ್ಟು ಗೊಂದಲ ಬಗೆಹರಿಯುತ್ತದೆ. ಟ್ರೆಡ್‌ಮಿಲ್‌ನಲ್ಲಿ ನಾಡಿಬಡಿತ 220ರಿಂದ ವಯಸ್ಸು ಕಳೆದದ್ದರ ಶೇ 85 ಮುಟ್ಟಬೇಕು: 60 ವರ್ಷದವರಿಗೆ 136. ನಾಡಿಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗಿ ಬಂದವರು 110ಕ್ಕೇ ಸುಸ್ತಾಗಿ ನಿಂತರೆ, ಬಂದ 'ನಾರ್ಮಲ್'ಗೆ ಅರ್ಥವಿಲ್ಲ. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ನಡೆಯಲಾಗದವರಿಗೆ ಅಡೆನೊಸಿನ್ ಕೊಟ್ಟು ರಕ್ತನಾಳ ಹಿಗ್ಗಿಸುತ್ತಾರೆ. ಕೆಫೀನ್ ಇದಕ್ಕೆ ನೇರ ಅಡ್ಡಗಾಲು. ನಮ್ಮ ಕಡೆ ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗುವುದಿಲ್ಲ. ಆ ಅರ್ಧ ಲೋಟಕ್ಕೆ ರಕ್ತದ ಕೊರತೆ ಚಿತ್ರದಿಂದ ಮಾಯವಾಗಬಹುದು. ಕನಿಷ್ಠ 12 ಗಂಟೆ, ಸಾಧ್ಯವಾದರೆ 24 ಗಂಟೆ ಕಾಫಿ, ಚಹಾ, ಕೋಲಾ, ಚಾಕೊಲೇಟ್, ಕೆಫೀನ್ ಇರುವ ತಲೆನೋವಿನ ಮಾತ್ರೆ ಬೇಡ. ಕುಡಿದೇ ಬಂದಿದ್ದರೆ ಮುಚ್ಚಿಡದೆ ಹೇಳಿ, ಇನ್ನೊಂದು ದಿನ ಕೊಡುತ್ತಾರೆ. ಉಬ್ಬಸ ಇರುವವರು ಅದನ್ನೂ ಮೊದಲೇ ತಿಳಿಸಬೇಕು.

ಶ್ರಮ, ವಿಶ್ರಾಂತಿಗಳ ಎರಡೂ ಅಂಕ, ಶೇಕಡಾವಾರು, ಮುಟ್ಟಿದ ನಾಡಿಬಡಿತ, ಪಂಪಿಂಗ್ ಪ್ರಮಾಣ ಇವಿಷ್ಟನ್ನೂ ವರದಿಯಲ್ಲಿ ಬರೆಯುವುದನ್ನು ಕೇಂದ್ರಗಳು ರೂಢಿ ಮಾಡಿಕೊಳ್ಳಲಿ. ಬರೆದಿಲ್ಲದಿದ್ದರೆ ರೋಗಿಗಳು ಕೇಳಿ ಬರೆಸಿಕೊಳ್ಳಲಿ.

– ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರಿಬ್ಬರು, ಮೈಸೂರು